ಬಾವಿಗೂ ಗುಂಡಿಗೂ ನಡುವೆ ಎಷ್ಟು ದಿನ?

ಕಾಸರಗೋಡಿನ ಹಳ್ಳಿಗಳಲ್ಲೂ ಈಗ ಮನೆ ಜಾಗವನ್ನು ಎಕರೆಯಲ್ಲಿ ಹೇಳುವವರಿಗಿಂತ ಸೆಂಟ್ಸ್‌ನಲ್ಲಿ ಹೇಳುವವರೇ ಹೆಚ್ಚು. ಹತ್ತು ಸೆಂಟ್ಸ್ ಎಂದರೆ ಸುಮಾರು 405 ಚದರ ಮೀಟರ್. ಚೌಕವಾಗಿದ್ದರೆ ಒಂದೊಂದು ಬದಿ 20 ಮೀಟರ್. ಅಷ್ಟರೊಳಗೆ ಮನೆ ಏಳಬೇಕು, ಬಾವಿ ತೋಡಬೇಕು, ಪಾಯಿಖಾನೆಯ ಗುಂಡಿಗೂ ಬಚ್ಚಲ ನೀರಿಗೂ ಮೂಲೆ ಹುಡುಕಬೇಕು. ಬೇಲಿಯಾಚೆಯವರ ಗುಂಡಿ ಎಲ್ಲಿದೆ ಎಂಬುದನ್ನೂ ನೋಡಬೇಕು. ಕುಡಿಯುವ ನೀರಿನ ಬಾವಿಯಿಂದ 7.5 ಮೀಟರ್ ಒಳಗೆ ಗುಂಡಿ ಇರಕೂಡದು ಎನ್ನುತ್ತದೆ ಕೇರಳದ ಕಟ್ಟಡ ನಿಯಮ. ಸೆಪ್ಟಿಕ್ ಟ್ಯಾಂಕಿನ ನೀರು ಇಂಗಿಸುವ ಬಗೆಗಿನ ಭಾರತೀಯ ಮಾನಕ ಐಎಸ್ 2470 ಹೇಳುವುದು 18 ಮೀಟರ್. ಜರ್ಮನಿಯಲ್ಲಿ ನೀರಿನ ಬಾವಿಯ ಸುತ್ತ ರಕ್ಷಣಾ ವಲಯ ಗುರುತಿಸುವಾಗ ದಿನಗಳನ್ನೇ ಎಣಿಸುತ್ತಾರೆ. ನೆಲದೊಳಗೆ 50 ದಿನ ನಡೆದರಷ್ಟೇ ನೀರು ಬಾವಿ ಸೇರಬೇಕು, ಅಷ್ಟು ದೂರದೊಳಗೆ ಕೊಳೆ ಇಂಗಿಸುವಂತಿಲ್ಲ.

ಈ ಮೂರರಲ್ಲಿ ಕೊನೆಯ ಲೆಕ್ಕವೇ ಸರಿ. ಕೊಳೆನೀರನ್ನು ತಿಳಿಯಾಗಿಸುವವು ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು. ಅವುಗಳಿಗೆ ಬೇಕಾದುದು ಸಮಯ, ಅಂಟಿಕೊಳ್ಳಲು ಕಣದ ಮೈ, ಉಸಿರಾಡಲು ಗಾಳಿ. ನಮ್ಮ ಮುರಕಲ್ಲಿನ (ಲ್ಯಾಟರೈಟ್) ನೆಲದಲ್ಲಿ 7.5 ಮೀಟರ್ ದಾಟಲು ನೀರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆದು ನೋಡಿ ಗುಂಡಿ ತೋಡುವವರು ಮಾತ್ರ ಇಲ್ಲ.

2025ರ ಆಗಸ್ಟ್ ಕೊನೆಯಲ್ಲಿ, ಮಿದುಳಿಗೆ ತಗಲುವ ಅಮೀಬಾ ಜ್ವರದ ಹಿನ್ನೆಲೆಯಲ್ಲಿ, ಕೇರಳದಾದ್ಯಂತ ಬಾವಿಗಳಿಗೆ ಕ್ಲೋರಿನ್ ಹಾಕುವ ಅಭಿಯಾನ ನಡೆಯಿತು. ಆಗಬೇಕಾದ ಕೆಲಸವೇ. 2.5 ಮೀಟರ್ ವ್ಯಾಸದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಅದು ಸುಮಾರು 19,600 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್ ಲೆಕ್ಕದಲ್ಲಿ 50 ಗ್ರಾಂ ಸಾಕು, ಕಾಯಿಲೆ ಹರಡಿದ ಊರಿನಲ್ಲಾದರೆ ಅದರ ಇಮ್ಮಡಿ. ಬಕೆಟ್‌ನಲ್ಲಿ ಕಲಸಿಟ್ಟು, ಗಸಿ ಕೆಳಗಿಳಿದ ಮೇಲೆ ತಿಳಿಯನ್ನಷ್ಟೇ ಕೊಡಪಾನದಲ್ಲಿ ಬಾವಿಯ ತಳದವರೆಗೆ ಇಳಿಸಿ ನಾಲ್ಕಾರು ಸಲ ಮೇಲೆ ಕೆಳಗೆ ಆಡಿಸಬೇಕು, ಒಂದು ಗಂಟೆ ಬಿಟ್ಟು ನೀರು ಸೇದಬಹುದು. ಆದರೆ ಕ್ಲೋರಿನ್ ಕೊಲ್ಲುವುದು ಬಾವಿಯಲ್ಲಿ ಆಗ ನಿಂತಿರುವ ನೀರಿನ ಕ್ರಿಮಿಗಳನ್ನು. ರಾತ್ರಿ ಒರತೆಯಿಂದ ಬರುವ ಹೊಸ ನೀರಿಗೆ ಅದರ ಕಾವಲಿಲ್ಲ. ಮಳೆಗಾಲದಲ್ಲಂತೂ ಬಾವಿಯ ನೀರು ಬೇಗ ಬೇಗ ಬದಲಾಗುತ್ತಿರುತ್ತದೆ. ಒರತೆಯ ನೀರನ್ನು ಕಾಯಬೇಕಾದುದು ಬಾವಿಯ ಸುತ್ತಲಿನ ಮಣ್ಣು.

ಹೊಯಿಗೆ ಜರಡಿಯಲ್ಲ

ಹೊಯಿಗೆ, ಅಂದರೆ ಮರಳು, ನೀರನ್ನು ಜರಡಿಯ ಹಾಗೆ ಸೋಸುತ್ತದೆ ಎಂದು ನಂಬಿದವರು ಬಹಳ. ಅಳತೆ ಹಿಡಿದು ನೋಡಿದರೆ ಆ ನಂಬಿಕೆ ನಿಲ್ಲುವುದಿಲ್ಲ. 0.3 ಮಿಲಿಮೀಟರಿನ ಹೊಯಿಗೆ ಕಣಗಳ ನಡುವಿನ ಸಂದು ಸುಮಾರು 0.045 ಮಿಲಿಮೀಟರ್. ಕರುಳಿನ ಬ್ಯಾಕ್ಟೀರಿಯಾ ಇ ಕೋಲಿಯ ಉದ್ದ 0.002 ಮಿಲಿಮೀಟರ್, ಇಪ್ಪತ್ತು ಸಾಲಾಗಿ ನಿಂತರೂ ಆ ಸಂದಿನಲ್ಲಿ ನುಸುಳಬಲ್ಲವು. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ಸಿಗೆ ಹೋಲಿಸಿದರೆ ಸಂದು ಸಾವಿರದೈನೂರು ಪಟ್ಟು ದೊಡ್ಡದು.

ಅವುಗಳನ್ನು ಹಿಡಿಯುವುದು ಕಣದ ಮೈಮೇಲಿನ ಲೋಳೆ. ಮಣ್ಣಿನ ಬ್ಯಾಕ್ಟೀರಿಯಾಗಳು ಸಕ್ಕರೆಯಂಥ ಅಂಟನ್ನು ಸ್ರವಿಸಿ, ಕಣದ ಸುತ್ತ ತೆಳು ಪೊರೆ ಕಟ್ಟಿಕೊಂಡು ಬದುಕುತ್ತವೆ. ನೀರಿನ ಜೊತೆ ಬಂದ ಇ ಕೋಲಿ ಆ ಲೋಳೆಗೆ ತಾಗಿ ಅಂಟಿಕೊಳ್ಳುತ್ತದೆ. ಆಮೇಲೆ ಅದರ ಗತಿ ಮುಗಿದಂತೆ. 37 ಡಿಗ್ರಿ ಬಿಸಿಯ, ಊಟ ತುಂಬಿದ ಕರುಳಿನಲ್ಲಿ ಬೆಳೆದ ಜೀವಿ ಅದು. ನೆಲದೊಳಗೆ ತಂಪು, ಮೇಲಾಗಿ ಅರೆಹೊಟ್ಟೆ. ಹಸಿವಿಗೆ ಒಗ್ಗಿದ ಮಣ್ಣಿನ ಬ್ಯಾಕ್ಟೀರಿಯಾಗಳ ಎದುರು ಅದು ಸೋಲುತ್ತದೆ. ಪ್ರೋಟೊಜೋವಾ ಎಂಬ ಏಕಕೋಶ ಜೀವಿಗಳು ಪೊರೆಯ ಮೇಲೆ ದನ ಮೇದಂತೆ ಮೇಯುತ್ತಾ ಅದನ್ನು ನುಂಗುತ್ತವೆ. ಡೆಲೊವಿಬ್ರಿಯೊ ಎಂಬ ಪುಟ್ಟ ಬ್ಯಾಕ್ಟೀರಿಯಾ ಇನ್ನೊಂದು ಬ್ಯಾಕ್ಟೀರಿಯಾದ ಹೊಟ್ಟೆ ಕೊರೆದು ಒಳಹೊಕ್ಕು ತಿಂದು ಮುಗಿಸುತ್ತದೆ. ವೈರಸ್ ಮನುಷ್ಯನ ಜೀವಕೋಶದ ಹೊರಗೆ ಹೆಚ್ಚಲಾರದು. ಅಂಟಿಕೊಂಡ ಕಡೆಯೇ ದಿನ ಕಳೆದಂತೆ ಅದರ ಪ್ರೋಟೀನಿನ ಕವಚ ಹಾಳಾಗುತ್ತದೆ. ಇಷ್ಟಕ್ಕೂ ದಿನಗಳು ಬೇಕು, ಗಂಟೆಗಳು ಸಾಲವು.

ಈ ಜೀವಿಗಳೆಲ್ಲ ಹೆಚ್ಚಾಗಿ ಇರುವುದು ಮೇಲ್ಮಣ್ಣಿನಲ್ಲಿ. ಒಂದು ಗ್ರಾಂ ಒಳ್ಳೆಯ ಮೇಲ್ಮಣ್ಣಿನಲ್ಲಿ ಹತ್ತಾರು ಕೋಟಿಯಿಂದ ನೂರು ಕೋಟಿಯವರೆಗೆ ಬ್ಯಾಕ್ಟೀರಿಯಾಗಳಿರುತ್ತವೆ. ಕೆಲವು ಮೀಟರ್ ಕೆಳಗಿಳಿದರೆ ಸಂಖ್ಯೆ ಹಲವು ಪಟ್ಟು ಕುಸಿಯುತ್ತದೆ. ಹತ್ತು ಹದಿನೈದು ಅಡಿ ಆಳದ ಗುಂಡಿ ತೋಡಿ ಕೊಳೆನೀರನ್ನು ಬುಡಕ್ಕೆ ಬಿಡುವುದೆಂದರೆ, ದುಡಿಯುವವರಿರುವ ಅಂತಸ್ತನ್ನು ದಾಟಿಸಿ ಯಾರೂ ಇಲ್ಲದ ನೆಲಮಾಳಿಗೆಗೆ ಕಳಿಸಿದಂತೆ. ಗುಂಡಿ ಆಳವಾದಷ್ಟು ಒಳ್ಳೆಯದು, ತುಂಬುವುದೇ ಇಲ್ಲ ಎಂಬ ಮಾತು ನಮ್ಮಲ್ಲಿದೆ. ತುಂಬದಿರುವುದೇ ಅದರ ಕೆಟ್ಟ ಲಕ್ಷಣ.

ಕೊಳೆನೀರು ತಿಳಿಯಾಗುವುದು ಜೀವಿಗಳ ಕೆಲಸದಿಂದ ಎಂದು ಮೊದಲು ತೋರಿಸಿಕೊಟ್ಟವರು ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್, 1877ರಲ್ಲಿ. ಗಾಜಿನ ಕೊಳವೆಯಲ್ಲಿ ಹೊಯಿಗೆ ಮತ್ತು ಸುಣ್ಣಕಲ್ಲಿನ ಪುಡಿ ತುಂಬಿ, ಮೇಲಿಂದ ಚರಂಡಿ ನೀರನ್ನು ನಿಧಾನವಾಗಿ ಇಳಿಬಿಟ್ಟರು. ಇಪ್ಪತ್ತು ದಿನ ಏನೂ ಬದಲಾಗಲಿಲ್ಲ, ಅಮೋನಿಯಾ ಹೋದ ಹಾಗೆಯೇ ಹೊರಬಂತು. ಆಮೇಲೆ ನೈಟ್ರೇಟ್ ಕಾಣಿಸಿಕೊಂಡು ಅಮೋನಿಯಾ ಇಲ್ಲವಾಯಿತು. ಕ್ಲೋರೊಫಾರ್ಮ್ ಆವಿ ಹಾಯಿಸಿದಾಗ ಎಲ್ಲ ನಿಂತಿತು. ತೋಟದ ಮಣ್ಣು ಕದಡಿದ ನೀರು ಹಾಕಿದ ಮೇಲೆ ಮತ್ತೆ ಶುರುವಾಯಿತು. ಬರೀ ರಾಸಾಯನಿಕ ಕ್ರಿಯೆಯಾಗಿದ್ದರೆ ಮೊದಲ ದಿನವೇ ಆಗಬೇಕಿತ್ತು. ಆ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ತೋರಿಸಿದ್ದು ರಷ್ಯದ ವಿಜ್ಞಾನಿ ವಿನೊಗ್ರಾಡ್‌ಸ್ಕಿ, 1890ರ ಹೊತ್ತಿಗೆ. ಆ ಕೊಳವೆಯ ಎರಡು ಸಂಗತಿಗಳು ಈ ಲೇಖನದಲ್ಲಿ ಮತ್ತೆ ಬರುತ್ತವೆ: ಇಪ್ಪತ್ತು ದಿನದ ಕಾಯುವಿಕೆ ಮತ್ತು ಸುಣ್ಣಕಲ್ಲು.

ನಿಧಾನ ಎಂದರೆ ಎಷ್ಟು ನಿಧಾನ

1892ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕಾಲರಾ ಎದ್ದು ಎಂಟು ಸಾವಿರಕ್ಕೂ ಹೆಚ್ಚು ಜನ ತೀರಿಕೊಂಡರು. ಅದಕ್ಕೆ ತಾಗಿಕೊಂಡೇ ಇದ್ದ ಆಲ್ಟೊನಾ ಊರು, ಅದೇ ಎಲ್ಬ್ ನದಿಯ ಇನ್ನೂ ಕೊಳಕಾದ ಕೆಳಭಾಗದ ನೀರು ಕುಡಿಯುತ್ತಿದ್ದರೂ, ಬಹುಮಟ್ಟಿಗೆ ಪಾರಾಯಿತು. ಆಲ್ಟೊನಾದಲ್ಲಿ ನೀರು ಹೊಯಿಗೆಯ ಹಾಸಿನ ಮೂಲಕ ನಿಧಾನವಾಗಿ ಇಳಿದು ಬರುತ್ತಿತ್ತು, ಹ್ಯಾಂಬರ್ಗ್‌ನಲ್ಲಿ ಆ ಏರ್ಪಾಡು ಇನ್ನೂ ಆಗಿರಲಿಲ್ಲ.

ಆ ಬಗೆಯ ಹಾಸಿನ ಅಂಕಿಗಳು ಇಂದಿಗೂ ಹೆಚ್ಚು ಬದಲಾಗಿಲ್ಲ. ಹೊಯಿಗೆ 0.15ರಿಂದ 0.35 ಮಿಲಿಮೀಟರಿನದು, ದಪ್ಪ ಒಂದು ಮೀಟರ್ ಆಸುಪಾಸು, ಅದರ ಮೇಲೆ ನಿಂತ ನೀರು. ನೀರು ಇಳಿಯುವ ವೇಗ ಗಂಟೆಗೆ 10ರಿಂದ 30 ಸೆಂಟಿಮೀಟರ್. ಎರಡು ಮೂರು ವಾರದಲ್ಲಿ ಮೇಲ್ಭಾಗದಲ್ಲಿ ಕಂದು ಲೋಳೆಯ ಪದರ ಕಟ್ಟುತ್ತದೆ, ಮುಖ್ಯ ಕೆಲಸ ಅಲ್ಲೇ ನಡೆಯುವುದು. ಹರಿವು ಕಟ್ಟಿದಾಗ ಮೇಲಿನ ಒಂದೆರಡು ಸೆಂಟಿಮೀಟರ್ ಮಾತ್ರ ಕೆರೆದು ತೆಗೆಯುತ್ತಾರೆ. ಪೂರಾ ತೊಳೆದರೆ ಮತ್ತೆ ವಾರಗಟ್ಟಲೆ ಕಾಯಬೇಕು.

ಈಗ ನಮ್ಮ ಮನೆಗಳ ಮಾಡಿನ ನೀರಿಗೆ ಬರೋಣ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಜಲ್ಲಿ, ಇದ್ದಿಲು, ಹೊಯಿಗೆ ತುಂಬಿ, ಮಾಡಿನ ನೀರನ್ನು ಅದರ ಮೂಲಕ ನೇರವಾಗಿ ಬಾವಿಗೋ ಬೋರ್‌ವೆಲ್ಲಿಗೋ ಬಿಡುವ ಪದ್ಧತಿ ಹಬ್ಬಿದೆ. ನೂರು ಚದರ ಮೀಟರಿನ ಮಾಡಿನ ಮೇಲೆ ಗಂಟೆಗೆ 40 ಮಿಲಿಮೀಟರ್ ಮಳೆ ಸುರಿದರೆ (ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿನಲ್ಲಿ, ಇದೇನು ದೊಡ್ಡ ಮಳೆಯಲ್ಲ), ನಷ್ಟ ಕಳೆದು 3400 ಲೀಟರ್ ಇಳಿದು ಬರುತ್ತದೆ. 58 ಸೆಂಟಿಮೀಟರ್ ವ್ಯಾಸದ ಡ್ರಮ್ಮಿನ ಹೊಯಿಗೆ, ಗಂಟೆಗೆ 20 ಸೆಂಟಿಮೀಟರ್ ವೇಗದಲ್ಲಿ, ನಿಜಕ್ಕೂ ಶುದ್ಧ ಮಾಡಬಲ್ಲದ್ದು ಸುಮಾರು 53 ಲೀಟರನ್ನು. ಅರುವತ್ತು ಪಟ್ಟಿಗೂ ಮಿಕ್ಕಿದ ನೀರು ಅದರೊಳಗೆ ನುಗ್ಗುತ್ತದೆ. ಡ್ರಮ್ಮು ತರಗೆಲೆ, ಕಸ, ಒಂದಿಷ್ಟು ಮಣ್ಣು ಹಿಡಿಯುತ್ತದೆ ಅಷ್ಟೆ. ಕಾಗೆ ಪಾರಿವಾಳಗಳ ಹಿಕ್ಕೆಯ ಕ್ರಿಮಿಗಳೆಲ್ಲ ಬಾವಿಯೊಳಗೆ. ಬೋರ್‌ವೆಲ್ಲಿಗೆ ಬಿಟ್ಟರೆ ಇನ್ನೂ ಕೆಟ್ಟದ್ದು. ಮೇಲ್ಮಣ್ಣು, ಮುರಕಲ್ಲು, ಅದರಡಿಯ ಜೇಡಿಯಂಥ ಶೇಡಿಮಣ್ಣು ಮೂರನ್ನೂ ದಾಟಿಸಿ ಕರಿಕಲ್ಲಿನ ಬಿರುಕಿಗೇ ಕೊಳೆಯನ್ನು ಇಳಿಸಿದ ಹಾಗಾಗುತ್ತದೆ, ಅಲ್ಲಿಂದ ಅದನ್ನು ಹೊರತೆಗೆಯುವ ದಾರಿಯಿಲ್ಲ.

ಮೊದಲ 2 ಮಿಲಿಮೀಟರ್ ಮಳೆಯ ನೀರನ್ನು, ಅಂದರೆ ನೂರು ಚದರ ಮೀಟರಿನ ಮಾಡಿಗೆ 200 ಲೀಟರನ್ನು, ಹೊರಗೆ ಬಿಡಬೇಕು. ಉಳಿದದ್ದನ್ನು ಬಾವಿಯಿಂದ ಆದಷ್ಟು ದೂರದಲ್ಲಿ ಆಳವಿಲ್ಲದ ಇಂಗುಗುಂಡಿಗೆ ಹರಿಸಿದರೆ ಮಣ್ಣೇ ಸೋಸಿ ಕೊಡುತ್ತದೆ. ಗುಂಡಿಯ ತಳದಿಂದ ಮಳೆಗಾಲದ ನೀರಮಟ್ಟಕ್ಕೆ ಒಂದೂವರೆ ಎರಡು ಮೀಟರ್ ಒಣ ಮಣ್ಣು ಇರುವಂತೆ ನೋಡಿಕೊಂಡರಾಯಿತು.

ಮುರಕಲ್ಲಿನ ಎರಡು ಗುಣ

ರಸಾಯನದ ದೃಷ್ಟಿಯಲ್ಲಿ ಮುರಕಲ್ಲಿನಂಥ ಸೋಸುಕಲ್ಲು ಸಿಗುವುದು ಅಪರೂಪ. ಅದರ ಕೆಂಪಿಗೆ ಕಾರಣವಾದ ಕಬ್ಬಿಣದ ಆಕ್ಸೈಡುಗಳ ಮೈ, ನಮ್ಮ ನೆಲದ ಹುಳಿಗುಣದಲ್ಲಿ, ಧನ ವಿದ್ಯುದಂಶ ಹೊಂದಿರುತ್ತದೆ. ವೈರಸ್ಸುಗಳ ಮತ್ತು ಬ್ಯಾಕ್ಟೀರಿಯಾಗಳ ಮೈಯಲ್ಲಿರುವುದು ಬಹುತೇಕ ಋಣ ವಿದ್ಯುದಂಶ. ಎರಡೂ ಸೆಳೆದುಕೊಂಡು ಅಂಟುತ್ತವೆ. ಸೋಪಿನ, ಮಲಮೂತ್ರದ ರಂಜಕವನ್ನೂ ಅದು ಬಿಗಿಯಾಗಿ ಹಿಡಿದಿಡುತ್ತದೆ. ಬಿಳಿ ಹೊಯಿಗೆಯಲ್ಲಿ ಈ ಸೆಳೆತ ಇಷ್ಟಿಲ್ಲ. ಮಂಜೇಶ್ವರದಿಂದ ಕೆಳಗೆ ಕಡಲ ಕರೆಯ ಹೊಯಿಗೆ ನೆಲದವರು ಇದನ್ನು ನೆನಪಿಟ್ಟುಕೊಳ್ಳಬೇಕು: ಅಲ್ಲಿ ಬ್ಯಾಕ್ಟೀರಿಯಾ ಸಿಕ್ಕಿಬಿದ್ದರೂ ವೈರಸ್ ಹೆಚ್ಚು ದೂರ ಹೋಗಬಲ್ಲದು.

ಮುರಕಲ್ಲಿನ ತೊಂದರೆ ಇರುವುದು ಅದರ ರಚನೆಯಲ್ಲಿ. ಬಾವಿ ತೋಡುವವರು ದಿನವೂ ಕಾಣುವ ಸಂಗತಿ: ಗಟ್ಟಿ ಕಲ್ಲಿನ ನಡುವೆ ಬೆರಳು ತೂರುವಷ್ಟು, ಕೆಲವೆಡೆ ಕೈ ತೂರುವಷ್ಟು ತೂತುಗಳು, ಒಂದಕ್ಕೊಂದು ಸೇರಿ ಕೊಳವೆಗಳಂತೆ ಹೋಗಿರುತ್ತವೆ. 2019ರಲ್ಲಿ ಮಲಪ್ಪುರಂ ಜಿಲ್ಲೆಯಿಂದ ಏನಿಗ್ಮಚನ್ನ ಗೊಲ್ಲಮ್ ಎಂಬ ನೆಲದಡಿಯ ಮೀನನ್ನು ವಿಜ್ಞಾನಿಗಳು ವರದಿ ಮಾಡಿದರು. ಕೇರಳದ ಮುರಕಲ್ಲಿನ ಬಾವಿಗಳಲ್ಲಿ ಕುರುಡು ಮೀನುಗಳು ಆಗೊಮ್ಮೆ ಈಗೊಮ್ಮೆ ಮೇಲೆ ಬರುವುದುಂಟು. ಅದ್ಭುತ ಜೀವಿಗಳು, ಉಳಿಯಬೇಕಾದವು. ಜೊತೆಗೆ ಅವು ಒಂದು ಸುದ್ದಿಯನ್ನೂ ತರುತ್ತವೆ. ಮೀನು ಈಜಿ ಬರುವ ದಾರಿಯಲ್ಲಿ ನೀರಿಗೆ ಸೋಸಣೆ ಎಂಬುದಿಲ್ಲ. ಅಂಥ ಕಂಡಿಯಲ್ಲಿ ಹರಿಯುವ ನೀರು ಕಬ್ಬಿಣದ ಆಕ್ಸೈಡನ್ನು ಬದಿಯಲ್ಲಷ್ಟೇ ತಾಗುತ್ತದೆ, ಲೋಳೆಯ ಪೊರೆಗೆ ಸಿಗುವುದೂ ಅಷ್ಟೇ.

50 ದಿನದಲ್ಲಿ 7.5 ಮೀಟರ್ ಎಂದರೆ ದಿನಕ್ಕೆ 15 ಸೆಂಟಿಮೀಟರ್. ಹೊಯಿಗೆಯ ನೆಲದಲ್ಲಿ ಅಂತರ್ಜಲ ಸಾಮಾನ್ಯವಾಗಿ ದಿನಕ್ಕೆ 10 ಸೆಂಟಿಮೀಟರಿನಿಂದ ಒಂದು ಮೀಟರಿನವರೆಗೆ ನಡೆಯುತ್ತದೆ. ಮೀಟರ್ ವೇಗದಲ್ಲಿ ನಡೆದರೆ 7.5 ಮೀಟರಿಗೆ ಬರೀ ಒಂದು ವಾರ. ಮುರಕಲ್ಲಿನ ಕೊಳವೆಯಲ್ಲಾದರೆ ಬೆಳಿಗ್ಗೆ ಹೊರಟದ್ದು ಸಂಜೆಗೆ ತಲುಪಲೂಬಹುದು. ಬಾವಿಗೆ ಪಂಪು ಕೂರಿಸಿ ಒಮ್ಮೆಗೇ ನೀರು ಇಳಿಸಿದರೆ ಸುತ್ತಲಿನ ನೀರು ಇನ್ನೂ ಬೇಗ ಒಳಗೆ ನುಗ್ಗುತ್ತದೆ. ರಾಟೆಯಲ್ಲಿ ಸೇದುವಾಗ ಈ ಎಳೆತ ಇಷ್ಟಿರಲಿಲ್ಲ.

ಮಳೆಗಾಲ ಇದಕ್ಕೆ ಇನ್ನೊಂದು ಪೆಟ್ಟು ಕೊಡುತ್ತದೆ. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ, ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೇಸಗೆಯಲ್ಲಿ ಗುಂಡಿಯ ತಳಕ್ಕೂ ನೀರಮಟ್ಟಕ್ಕೂ ನಡುವೆ ಹಲವು ಮೀಟರ್ ಒಣ ನೆಲವಿರುತ್ತದೆ. ಅಲ್ಲಿ ನೀರು ಕಣಗಳ ಮೈಗೆ ತೆಳುವಾಗಿ ಅಂಟಿಕೊಂಡು ಇಳಿಯುತ್ತದೆ, ಸಂದುಗಳಲ್ಲಿ ಗಾಳಿಯಿರುತ್ತದೆ. ಸೂಕ್ಷ್ಮಜೀವಿಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇರಿಲ್ಲ. ಜುಲೈ ಹೊತ್ತಿಗೆ ನೀರಮಟ್ಟ ಮೇಲೇರಿ ಗುಂಡಿಯ ತಳವೇ ಮುಳುಗುತ್ತದೆ. ಗಾಳಿ ಹೋಯಿತು, ತೆಳು ಹರಿವು ಹೋಯಿತು, ದೊಡ್ಡ ಕಂಡಿಗಳೆಲ್ಲ ತುಂಬಿ ಹರಿಯತೊಡಗಿದವು. ಎಪ್ರಿಲ್‌ನಲ್ಲಿ ಪರೀಕ್ಷೆ ಮಾಡಿಸಿ ಒಳ್ಳೆಯ ವರದಿ ತಂದ ಬಾವಿ ಜೂನ್ ಕೊನೆಯಲ್ಲಿ ಕೆಡುವುದು ಹೀಗೆ. ನೀರಿನ ಪರೀಕ್ಷೆ ವರ್ಷಕ್ಕೆ ಒಮ್ಮೆ ಮಾತ್ರ ಮಾಡಿಸುವುದಾದರೆ ಮಳೆ ಹಿಡಿದ ಎರಡು ಮೂರು ವಾರದಲ್ಲಿ ಮಾಡಿಸಬೇಕು. ಶುದ್ಧೀಕರಿಸಿದ ಬಾಟಲಿಯಲ್ಲಿ ಹಿಡಿದು, ಬಾಯಿಗೆ ಬೆರಳು ತಾಗಿಸದೆ, ಮಂಜುಗಡ್ಡೆಯ ಜೊತೆ ಆರು ಗಂಟೆಯೊಳಗೆ ಪ್ರಯೋಗಾಲಯ ಮುಟ್ಟಿಸಬೇಕು. ಕ್ಲೋರಿನ್ ಹಾಕಿ ಎರಡು ದಿನದಲ್ಲಿ ತೆಗೆದ ನೀರಿನ ವರದಿ ನೆಲದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಗುಂಡಿಯ ಬದಲು ಕಣಿ

ಸಣ್ಣ ಜಾಗದಲ್ಲಿ ದೂರ ಹೆಚ್ಚಿಸಲಾಗದಿದ್ದರೂ ದಿನ ಹೆಚ್ಚಿಸಬಹುದು. ಆಳದ ಗುಂಡಿಗಿಂತ ಉದ್ದದ, ಆಳವಿಲ್ಲದ ಕಣಿ (ಕಂದಕ) ಮೇಲು. ಐದು ಜನರ ಮನೆಯ ಪಾಯಿಖಾನೆಯಿಂದ ಸೆಪ್ಟಿಕ್ ಟ್ಯಾಂಕ್ ಮೂಲಕ ದಿನಕ್ಕೆ 200 ಲೀಟರ್ ಹೊರಬರುತ್ತದೆ ಎಂದುಕೊಳ್ಳೋಣ. ತಳದಲ್ಲಿ ಕಪ್ಪು ಲೋಳೆ ಕಟ್ಟಿದ ಮೇಲೂ ಮಣ್ಣು ಚದರ ಮೀಟರಿಗೆ ದಿನಕ್ಕೆ 20 ಲೀಟರ್ ಕುಡಿಯಬಲ್ಲದು ಎಂಬ ಎಚ್ಚರಿಕೆಯ ಲೆಕ್ಕ ಹಿಡಿದರೆ 10 ಚದರ ಮೀಟರ್ ತಳ ಬೇಕು. 60 ಸೆಂಟಿಮೀಟರ್ ಅಗಲದ ಕಣಿಯಾದರೆ ಒಟ್ಟು ಸುಮಾರು 17 ಮೀಟರ್ ಉದ್ದ. ಬಾವಿಯಿಂದ ದೂರದ, ಇಳಿಜಾರಿನ ಕೆಳಗಿನ ಬದಿಯಲ್ಲಿ, ಬೇಲಿಯುದ್ದಕ್ಕೂ ಅದನ್ನು ಕೂರಿಸಬಹುದು.

ಮುರಕಲ್ಲು ಹತ್ತಿರದಲ್ಲೇ ಇದ್ದರೆ ಕಣಿಯ ತಳದಲ್ಲಿ 50 ಸೆಂಟಿಮೀಟರ್ ಸಣ್ಣ ಹೊಯಿಗೆ ಹಾಸಬೇಕು, 0.2 ಮಿಲಿಮೀಟರ್ ಆಸುಪಾಸಿನದು. ದೊಡ್ಡ ಕಂಡಿಗಳಿಗೆ ಕೊಳೆನೀರು ನೇರ ಇಳಿಯದಂತೆ ತಡೆಯುವುದು ಇದೇ. ಹೊಯಿಗೆಯ ಮೇಲೆ 15 ಸೆಂಟಿಮೀಟರ್ ಜಲ್ಲಿ, ಅದರಲ್ಲಿ ಮಟ್ಟ ಹಿಡಿದು ಕೂರಿಸಿದ ತೂತಿನ ಪೈಪ್, ಮೇಲೆ ಮತ್ತೆ ಒಂದಿಷ್ಟು ಜಲ್ಲಿ, ಮಣ್ಣು ಇಳಿಯದಂತೆ ಬಟ್ಟೆ, ಕೊನೆಗೆ ಮಣ್ಣು. ಕಡಲ ಹೊಯಿಗೆಯಾದರೆ ಮೊದಲು ಉಪ್ಪು ಹೋಗುವಂತೆ ತೊಳೆಯಬೇಕು. ಪೈಪಿನ ಮಟ್ಟ ತಪ್ಪಿದರೆ ನೀರೆಲ್ಲ ಒಂದೇ ತುದಿಗೆ ಓಡಿ, 17 ಮೀಟರ್ ಕಣಿ ಎರಡು ಮೀಟರಿನ ಗುಂಡಿಯಾಗುತ್ತದೆ. ಇಂಥ ಕಣಿಗಳು ಕೆಡುವುದು ಹೆಚ್ಚಾಗಿ ಈ ಒಂದು ತಪ್ಪಿನಿಂದ. ಇನ್ನೊಂದು ತಪ್ಪು, ಎಡೆಬಿಡದೆ ತೇವದಲ್ಲಿಡುವುದು. ಗಾಳಿ ಸಿಗದ ಲೋಳೆ ದಪ್ಪಗಾಗಿ ಕಟ್ಟಿಕೊಳ್ಳುತ್ತದೆ. ಎರಡು ಕಣಿ ಮಾಡಿ ಕೆಲವು ತಿಂಗಳಿಗೊಮ್ಮೆ ಬದಲಾಯಿಸಿದರೆ, ವಿಶ್ರಾಂತಿಯಲ್ಲಿರುವ ಕಣಿಯ ಲೋಳೆಯನ್ನು ಅಲ್ಲಿನ ಜೀವಿಗಳೇ ತಿಂದು ತೆಳುವಾಗಿಸುತ್ತವೆ. ಮಳೆಗಾಲದಲ್ಲಿ ನೀರು ಅಂಗಳದ ಮಟ್ಟಕ್ಕೆ ಏರುವ ಬೈಲಿನಲ್ಲಿ ಕಣಿ ತೋಡುವುದೇ ಬೇಡ. ನೆಲದ ಮೇಲೆ 60 ಸೆಂಟಿಮೀಟರ್ ಹೊಯಿಗೆಯ ದಿಬ್ಬ ಏರಿಸಿ, ಅದರ ಮೇಲಿನಿಂದ ನೀರು ಇಳಿಬಿಡಬೇಕು.

ಕಣಿಯ ಪಕ್ಕ ಬಾಳೆ ನೆಡುವುದಕ್ಕೆ ಕಾರಣವಿದೆ. ಗಾಳಿಯಿರುವ ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ, ನೈಟ್ರೇಟ್ ಮಣ್ಣಿಗೆ ಅಂಟದೆ ನೀರಿನ ಜೊತೆ ಬಾವಿಗೆ ಹೋಗುತ್ತದೆ. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಬಾಳೆಯ ಬೇರು ಆ ನೈಟ್ರೇಟಿನ ಒಂದು ಪಾಲನ್ನು ಹೀರಿಕೊಳ್ಳುತ್ತದೆ. ಅದನ್ನು ನಿರಪಾಯಕಾರಿ ನೈಟ್ರೋಜನ್ ಅನಿಲವಾಗಿಸಿ ಗಾಳಿಗೆ ಬಿಡುವ ಬ್ಯಾಕ್ಟೀರಿಯಾಗಳೂ ಇವೆ, ಆದರೆ ಅವು ಆ ಕೆಲಸ ಮಾಡುವುದು ಗಾಳಿಯಿಲ್ಲದ, ಕೊಳೆಯುವ ಸೊಪ್ಪುಸದೆಯಿರುವ ಕಡೆ. ಗದ್ದೆಯಲ್ಲಿ ಈ ಎರಡೂ ಒಂದರ ಕೆಳಗೊಂದು ಇರುತ್ತವೆ: ನಿಂತ ನೀರಿನಡಿಯ ಕೆಲವೇ ಮಿಲಿಮೀಟರ್ ಕೆಸರಿಗೆ ಗಾಳಿ ಸಿಗುತ್ತದೆ, ಅದರ ಕೆಳಗೆ ಇಲ್ಲ. ಮೇಲೆ ಹುಟ್ಟಿದ ನೈಟ್ರೇಟ್ ಕೆಳಗಿಳಿಯುವಾಗ ಅನಿಲವಾಗಿ ಹೋಗುತ್ತದೆ. ಭತ್ತ ಕೊಡುವುದರ ಜೊತೆಗೆ ಗದ್ದೆ ಮಾಡುವ ಈ ಕೆಲಸಕ್ಕೆ ಯಾರೂ ಬೆಲೆ ಕಟ್ಟಿಲ್ಲ. ಕೇರಳದಲ್ಲಿ ಗದ್ದೆ ಮತ್ತು ಜೌಗುಭೂಮಿ ಉಳಿಸುವ ಕಾನೂನು 2008ರಲ್ಲೇ ಬಂದಿದೆ. ಆದರೂ ಗುಡ್ಡದ ಮಣ್ಣು ತಂದು ಬೈಲು ತುಂಬಿಸಿದಾಗ ಎರಡು ಕಡೆ ನಷ್ಟ, ಗುಡ್ಡದಲ್ಲಿ ಸೋಸುವ ಮೇಲ್ಮಣ್ಣು, ಬೈಲಿನಲ್ಲಿ ನೈಟ್ರೇಟ್ ಕಳೆಯುವ ಕೆಸರು.

ಸುಣ್ಣದ ಮಾತು ಬಾಕಿ ಇದೆ. ಒಂದು ಮಿಲಿಗ್ರಾಂ ಅಮೋನಿಯಾ ನೈಟ್ರೋಜನ್ನನ್ನು ನೈಟ್ರೇಟ್ ಮಾಡುವಾಗ ಬ್ಯಾಕ್ಟೀರಿಯಾಗಳು 4.57 ಮಿಲಿಗ್ರಾಂ ಆಮ್ಲಜನಕ ಬಳಸುತ್ತವೆ, 7 ಮಿಲಿಗ್ರಾಂಗೂ ಹೆಚ್ಚು ಸುಣ್ಣಕಲ್ಲಿಗೆ ಸಮನಾದ ಕ್ಷಾರ ಕರಗುತ್ತದೆ. ಮುರಕಲ್ಲಿನ ನೆಲದಲ್ಲಿ ಕ್ಷಾರವೇ ಕಡಿಮೆ. ಇಲ್ಲಿನ ಬಾವಿ ನೀರಿನ ಪಿಎಚ್ ಎಷ್ಟೋ ಕಡೆ ಮಾನಕದ ಕೆಳಮಿತಿಯಾದ 6.5ರಿಂದ ಕೆಳಗೇ ಇರುತ್ತದೆ. ಹುಳಿ ಹೆಚ್ಚಿದಷ್ಟು ಈ ಬ್ಯಾಕ್ಟೀರಿಯಾಗಳು ಮಂಕಾಗುತ್ತವೆ. ಶ್ಲೋಸಿಂಗ್ ಮತ್ತು ಮ್ಯುಂಟ್ಸರ ಕೊಳವೆಯಲ್ಲಿ ಸುಣ್ಣಕಲ್ಲು ಇದ್ದುದರಿಂದ ಕೆಲಸ ನಡೆಯಿತು. ಕಣಿಯ ಜಲ್ಲಿಯ ಜೊತೆ ಒಂದೆರಡು ಬುಟ್ಟಿ ಒಡೆದ ಕಪ್ಪೆಚಿಪ್ಪು ಬೆರೆಸಿದರೆ ಇಲ್ಲೂ ನಡೆಯುತ್ತದೆ. ಸುಟ್ಟ ಸುಣ್ಣ ಬೇಡ, ಅದರ ಖಾರಕ್ಕೆ ಜೀವಿಗಳೇ ಸಾಯುತ್ತವೆ.

ಈ ದುಡಿಮೆಗಾರರನ್ನು ಕೊಲ್ಲುವುದು

ಪಾಯಿಖಾನೆ ತೊಳೆಯುವ ಆಸಿಡ್, ಫಿನಾಯಿಲ್ ಬಾಟಲಿಗಟ್ಟಲೆ ಹೋದರೆ ಸೆಪ್ಟಿಕ್ ಟ್ಯಾಂಕ್ ಮಾತ್ರವಲ್ಲ, ಕಣಿಯೂ ಸಾಯುತ್ತದೆ. ತೋಟದಲ್ಲಿ ಗಮನಿಸಬೇಕಾದುದು ಮೈಲುತುತ್ತು (ತಾಮ್ರದ ಸಲ್ಫೇಟ್). ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಒಂದು ಶೇಕಡಾ ಬೋರ್ಡೊ ದ್ರಾವಣದಲ್ಲಿ 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಅದರಲ್ಲಿ ಕಾಲು ಭಾಗ, ಅಂದರೆ ಸುಮಾರು 250 ಗ್ರಾಂ, ತಾಮ್ರ. ತಾಮ್ರ ಕೊಳೆತು ಹೋಗುವ ವಸ್ತುವಲ್ಲ. ವರ್ಷವರ್ಷವೂ ಮೇಲ್ಮಣ್ಣಿನಲ್ಲಿ ಸೇರುತ್ತಾ ಹೋಗಿ, ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾಗಳನ್ನೇ ಮೊದಲು ಹಿಂಡುತ್ತದೆ. ಅಡಿಕೆ ಉಳಿಸಲು ಮದ್ದು ಹೊಡೆಯದೆ ಗತಿಯಿಲ್ಲ, ಅದು ಬೆಳೆಗಾರರ ತಪ್ಪಲ್ಲ. ಆದರೆ ಡ್ರಮ್ಮು, ಪೈಪು, ಪಂಪು ತೊಳೆಯುವ ಜಾಗ ಬಾವಿಕಟ್ಟೆಯಾಗಬಾರದು, ತೋಡಿನ ದಡವೂ ಆಗಬಾರದು. ಹಟ್ಟಿಗೊಬ್ಬರ, ಸೊಪ್ಪು ಧಾರಾಳವಾಗಿ ಬಿದ್ದ ಮಣ್ಣಿನಲ್ಲಿ ತಾಮ್ರ ಸಾವಯವ ಅಂಶಕ್ಕೆ ಕಟ್ಟಿಬಿದ್ದು ಅದರ ವಿಷ ತಗ್ಗುತ್ತದೆ.

ಸೂಕ್ಷ್ಮಜೀವಿಗಳು ಎಲ್ಲವನ್ನೂ ಕಳೆಯುತ್ತವೆ ಎಂದು ನಂಬುವುದು ಈ ಜಿಲ್ಲೆಯಲ್ಲಂತೂ ಸಲ್ಲದು. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿದದ್ದು, ಪಡ್ರೆ, ಎಣ್ಮಕಜೆಯಂಥ ಊರುಗಳು ಅನುಭವಿಸಿದ್ದು ಎಲ್ಲರಿಗೂ ಗೊತ್ತು. ಸುಪ್ರೀಂ ಕೋರ್ಟ್ ಅದನ್ನು ದೇಶದಾದ್ಯಂತ ತಡೆದದ್ದು 2011ರಲ್ಲಿ. ಮಣ್ಣಿನ ಜೀವಿಗಳು ಅದರ ಮೇಲೂ ಕೆಲಸ ಮಾಡಿದವು. ನೀರು ಸೇರಿಸಿ ಒಡೆದರೆ ಹುಟ್ಟುವುದು ಕಡಿಮೆ ವಿಷದ ಡಯಾಲ್. ಆಮ್ಲಜನಕ ಸೇರಿಸಿ ಬದಲಾಯಿಸಿದರೆ ಹುಟ್ಟುವುದು ಎಂಡೋಸಲ್ಫಾನ್ ಸಲ್ಫೇಟ್. ಅದು ಮೂಲ ವಿಷದಷ್ಟೇ ಕೆಟ್ಟದ್ದು, ಅದಕ್ಕಿಂತ ಹೆಚ್ಚು ಕಾಲ ಮಣ್ಣಿನಲ್ಲಿ ಉಳಿಯುವಂಥದ್ದು. ಮಲಮೂತ್ರದ ಜೊತೆ ಮಣ್ಣಿಗೆ ಕೋಟ್ಯಂತರ ವರ್ಷಗಳ ಪರಿಚಯವಿದೆ, ಕಾರ್ಖಾನೆಯ ವಿಷದ ಜೊತೆ ಇಲ್ಲ. ಕಲ್ಲು ಕಡಿದು ಬಿಟ್ಟ ಮುರಕಲ್ಲಿನ ಕೋರೆಗಳಿಗೆ ಕಸ ಸುರಿಯುವುದು ಇಂದಿನ ಅತಿ ದೊಡ್ಡ ಅಪಾಯ. ಅಲ್ಲಿ ಮೇಲ್ಮಣ್ಣು ಹೋಗಿದೆ, ಕಂಡಿಗಳು ಬಾಯಿ ತೆರೆದಿವೆ, ಕೆಳಗಿನ ಊರಿನ ಬಾವಿಗಳಿಗೂ, ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಸುರಂಗಗಳಿಗೂ ನೇರ ದಾರಿ.

ಸುರಂಗದ ಬಾಯಲ್ಲಿ ಕೆಂಪು ಲೋಳೆ ಕಂಡು ಹೆದರುವವರಿಗೆ ಒಂದು ಮಾತು. ಅದು ಗ್ಯಾಲಿಯೊನೆಲ್ಲಾ, ಲೆಪ್ಟೊತ್ರಿಕ್ಸ್‌ನಂಥ ಕಬ್ಬಿಣದ ಬ್ಯಾಕ್ಟೀರಿಯಾಗಳ ಕೆಲಸ. ಕರಗಿದ ಕಬ್ಬಿಣ ಗಾಳಿಗೆ ಬರುವಲ್ಲಿ ಅವು ನೆಲೆಸುತ್ತವೆ, ರೋಗ ತರುವಂಥವಲ್ಲ. ನೀರಿನ ಮೇಲೆ ಎಣ್ಣೆಯಂಥ ಬಣ್ಣದ ಪೊರೆ ಇದ್ದರೆ ಕಡ್ಡಿಯಿಂದ ಚುಚ್ಚಿ ನೋಡಬೇಕು. ಹೆಂಚಿನ ಚೂರಿನಂತೆ ಒಡೆದು ಬೇರೆಬೇರೆ ನಿಂತರೆ ಕಬ್ಬಿಣ, ಮತ್ತೆ ಕೂಡಿಕೊಂಡರೆ ಎಣ್ಣೆ.

ಮನೆಯೊಳಗೊಂದು ಹೊಯಿಗೆ ಹಾಸು

ನೆಲ ಸರಿಯಾಗುವವರೆಗೆ ಮನೆಯಲ್ಲೇ ಆ ಕೆಲಸ ಮಾಡಿಕೊಳ್ಳಬಹುದು. ಕೆನಡಾದ ಡೇವಿಡ್ ಮಾನ್ಜ್ 1990ರ ದಶಕದಲ್ಲಿ ರೂಪಿಸಿದ ಜೈವಿಕ ಹೊಯಿಗೆ ಸೋಸುಕದಲ್ಲಿ ತಳಕ್ಕೆ 5 ಸೆಂಟಿಮೀಟರ್ ದಪ್ಪ ಜಲ್ಲಿ, ಅದರ ಮೇಲೆ 5 ಸೆಂಟಿಮೀಟರ್ ಸಣ್ಣ ಜಲ್ಲಿ, ಅದರ ಮೇಲೆ ಸುಮಾರು 55 ಸೆಂಟಿಮೀಟರ್ ತೊಳೆದ, 0.7 ಮಿಲಿಮೀಟರಿಗಿಂತ ಸಣ್ಣ ಹೊಯಿಗೆ. ಹೊರಹೋಗುವ ಪೈಪ್ ತಳದಿಂದ ಮೇಲೇರಿ, ನೀರು ನಿಂತಾಗ ಹೊಯಿಗೆಯ ಮೇಲೆ 5 ಸೆಂಟಿಮೀಟರ್ ಉಳಿಯುವ ಎತ್ತರದಲ್ಲಿ ಬಾಗಿರಬೇಕು. ಆ 5 ಸೆಂಟಿಮೀಟರಿನ ಮೂಲಕ ಇಳಿಯುವ ಗಾಳಿಯೇ ಮೇಲ್ಪದರದ ಜೀವಿಗಳ ಉಸಿರು. ಪೈಪಿನ ತುದಿಗೆ ನಲ್ಲಿ ಕೂರಿಸಿದರೆ ನೀರು ಎತ್ತರಕ್ಕೆ ನಿಂತು ಅವು ಉಸಿರುಕಟ್ಟುತ್ತವೆ. ಅನುಕೂಲಕ್ಕೆಂದು ಮಾಡುವ ಈ ಒಂದು ಬದಲಾವಣೆ ಎಷ್ಟೋ ಸೋಸುಕಗಳನ್ನು ಕೆಡಿಸಿದೆ. ಒಂದು ಸಲಕ್ಕೆ 12 ಲೀಟರ್, ತೂತಿನ ತಟ್ಟೆಯ ಮೇಲಿಂದ ಮೆಲ್ಲಗೆ ಸುರಿಯಬೇಕು. ಹರಿವು ನಿಮಿಷಕ್ಕೆ 0.4 ಲೀಟರ್ ದಾಟಬಾರದು. ಎರಡು ಸಲದ ನಡುವೆ ಕನಿಷ್ಠ ಒಂದು ಗಂಟೆ, ಗರಿಷ್ಠ 48 ಗಂಟೆ ಬಿಡುವು. ಮೊದಲ 30 ದಿನ ಬಂದ ನೀರನ್ನು ಕುದಿಸಿಯೇ ಕುಡಿಯಬೇಕು. ಕ್ಲೋರಿನ್ ಹಾಕಿದ ನೀರನ್ನು ಇದಕ್ಕೆ ಎಂದೂ ಸುರಿಯಬಾರದು, ಬೇಕಿದ್ದರೆ ಸೋಸಿದ ನೀರಿಗೆ ಹಾಕಬಹುದು. ವೈರಸ್ಸನ್ನು ಇದು ಪೂರ್ತಿ ಹಿಡಿಯಲಾರದು, ನೈಟ್ರೇಟನ್ನಂತೂ ಹಿಡಿಯುವುದೇ ಇಲ್ಲ.

ತಮ್ಮ ಗುಂಡಿಗೂ ಬಾವಿಗೂ ನಡುವೆ ಎಷ್ಟು ದಿನ ಎಂದು ತಿಳಿಯಲು ಒಂದು ಸರಳ ದಾರಿಯಿದೆ. ಮುರಕಲ್ಲಿನ ಬಾವಿ ನೀರಿನಲ್ಲಿ ಲವಣ ಬಹಳ ಕಡಿಮೆ, ಅಂಗಡಿಯಲ್ಲಿ ಸಿಗುವ ಟಿಡಿಎಸ್ ಮೀಟರ್ ಎಷ್ಟೋ ಕಡೆ ನೂರರೊಳಗೆ ತೋರಿಸುತ್ತದೆ. ಹಾಗಾಗಿ ಸ್ವಲ್ಪ ಉಪ್ಪು ಸೇರಿದರೂ ಗೊತ್ತಾಗುತ್ತದೆ. ಜುಲೈಯಲ್ಲಿ, ನೀರಮಟ್ಟ ಮೇಲಿರುವಾಗ, ಒಂದು ವಾರ ದಿನಕ್ಕೆರಡು ಸಲ ಬಾವಿ ನೀರಿನ ಅಂಕಿ ಬರೆದಿಡಿ. ಆಮೇಲೆ ಐದು ಕಿಲೋ ಉಪ್ಪನ್ನು ಎರಡು ಬಕೆಟ್ ನೀರಿನಲ್ಲಿ ಕರಗಿಸಿ ಇಂಗುವ ಗುಂಡಿಗೆ ಸುರಿಯಿರಿ. ಸೆಪ್ಟಿಕ್ ಟ್ಯಾಂಕಿಗೆ ಬೇಡ, ಅಲ್ಲಿನ ಜೀವಿಗಳಿಗೆ ಅಷ್ಟು ಉಪ್ಪು ಆಗದು. ಅಂದಿನಿಂದ ಮೊದಲ ಎರಡು ದಿನ ನಾಲ್ಕು ಗಂಟೆಗೊಮ್ಮೆ, ಮುಂದೆ ದಿನಕ್ಕೆರಡು ಸಲದಂತೆ ಎರಡು ತಿಂಗಳು ಬರೆಯಿರಿ. ಅಂಕಿ ಏರದಿದ್ದರೆ ನೀರು ಬೇರೆ ದಿಕ್ಕಿಗೆ ಹೋಗಿರಬಹುದು, ಮಳೆನೀರಿನಲ್ಲಿ ಉಪ್ಪು ತೆಳುವಾಗಿಯೂ ಇರಬಹುದು. ಹಾಗಾಗಿ ಏರದ ಅಂಕಿಯನ್ನು ನಂಬಿ ಕುದಿಸದ ನೀರು ಕುಡಿಯಬೇಡಿ. ಏರಿದರೆ, ಎಷ್ಟನೆಯ ದಿನ ಏರಿತು ಎಂದು ನೋಡಿ. ಹತ್ತರೊಳಗಿದ್ದರೆ ಮುಂದಿನ ಬೇಸಗೆಯಲ್ಲಿ ಆ ಗುಂಡಿ ಮುಚ್ಚಿ ಕಣಿ ತೋಡಬೇಕು, ಅಲ್ಲಿಯವರೆಗೆ ಕುಡಿಯುವ ನೀರನ್ನು ಮಳೆಗಾಲ ಪೂರ್ತಿ ಕುದಿಸಬೇಕು.